ಆನೆಯ ಉಳಿದರ್ಧ

೧೯೫೩ರಲ್ಲಿ ನಾನು ಶಾಲೆ ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ, ಆ ವರ್ಷ ನಮ್ಮ ಮನೆಗೆ ಒಂದು ಜೋಡಿ ಎತ್ತು ಬಂದವು ಎಂದರೆ ಹೆಚ್ಚು ಸರಿಯಾದೀತು. ಇಂಡಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಏಳನೆಯ ಇಯತ್ತೆಯ ತನಕ ಶಾಲೆಯಿತ್ತು. ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಇಂಡಿಯ ಹೈಸ್ಕೂಲಿಗೆ ಹೋಗುವ ಹುಡುಗನೆಂದು ಅವ್ವ ಹೊಸ ಚಡ್ಡಿಯನ್ನೂ ಹೊಲಿಸಿದ್ದಳು. ಅಷ್ಟರಲ್ಲಿ ಅಪ್ಪ ಎತ್ತು ತಂದ. ಎತ್ತುಗಳ ಹಿಂದೆ ಒಬ್ಬ ಮನುಷ್ಯ ಬೇಕು, ಮನೆಯಲ್ಲಿ ಖಾಲಿ ಇದ್ದವನು ನಾನೊಬ್ಬನೇ. ಹೊಸ ಚಡ್ಡಿ ಹಾಕಿಕೊಂಡೇ ಹೊಲಕ್ಕೆ ಹೋದೆ. ಆ ಎತ್ತುಗಳ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ಪಾಪ, ಅವುಗಳಿಗೂ ಇಂಗ್ಲೀಷು ಬರುತ್ತಿರಲಿಲ್ಲ.

ಈ ಮಾತು ಈಗ ಯಾಕೆ ನೆನಪಾಯಿತೆಂದರೆ, ಹೋದ ವಾರ ಬಸ್‌ಸ್ಟ್ಯಾಂಡಿನಲ್ಲಿ ಮೊಮ್ಮಗಳಿಗೆಂದು ಚುರಮುರಿ ಕೊಂಡೆ. ಮಾರುವವನು ಕಾಗದವನ್ನು ಸುರುಳಿ ಸುತ್ತಿ, ಅದರೊಳಗೆ ಚುರಮುರಿ ಸುರಿದು ಕೊಟ್ಟ. ನಾನೋ, ಮಗು ಕೈ ಚಾಚಿ ನಿಂತಿದ್ದರೂ ಕೊಡದೆ, ಸುರುಳಿಯನ್ನು ತಿರುವಿ ತಿರುವಿ ಕಾಗದದ ಮೇಲಿದ್ದ ಇಂಗ್ಲೀಷು ಓದುತ್ತ ನಿಂತೆ. ತಿರುವಿದಂತೆಲ್ಲ ಚುರಮುರಿ ನೆಲಕ್ಕೆ ಬೀಳುತ್ತಿತ್ತು. ಅಜ್ಜನಿಗೆ ಏನೋ ಆಗಿದೆ ಎಂದು ಅವಳು ಮನೆಗೆ ಬಂದು ವರದಿ ಒಪ್ಪಿಸಿದಳು. ಅಜ್ಜಿ ಮಾತ್ರ ಒಳಗಿನಿಂದಲೇ ನಕ್ಕಳು. "ಆನಿ ಸಿಕ್ತೇನು?" ಎಂದು ಕೇಳಿದಳು. ಸಿಕ್ಕಿರಲಿಲ್ಲ. ಅದು ಯಾವುದೋ ಸಿಮೆಂಟಿನ ಸುದ್ದಿ.

ಆನೆಯ ಕಡೆ ಬರುತ್ತೇನೆ, ಸ್ವಲ್ಪ ತಾಳಿ. ಮೊದಲು ಅಂಗಡಿ.

ಎತ್ತುಗಳ ಹಿಂದೆ ಕೆಲವು ವರ್ಷ ನಡೆದ ಮೇಲೆ ನನ್ನ ತಮ್ಮ ದೊಡ್ಡವನಾದ, ಎತ್ತು ಅವನ ಪಾಲಿಗೆ ಹೋದವು, ನಾನು ಮುದ್ದೇಬಿಹಾಳಕ್ಕೆ ಬಂದು ಇಮಾಮಸಾಹೇಬರ ಕಿರಾಣಿ ಅಂಗಡಿ ಸೇರಿದೆ. ಅವರದು ಅಜ್ಜ ಮುತ್ತಜ್ಜರಿಂದ ಬಂದ ಅಂಗಡಿ. ಬಿಳಿ ಗಡ್ಡ, ದೊಡ್ಡ ಹೊಟ್ಟೆ, ಸಣ್ಣ ತಕ್ಕಡಿ. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ. ಬಜಾರದಲ್ಲಿ ಅರ್ಧ ಜನ ಅವರಿಗೆ ಕಾಕಾ ಎಂದೇ ಅನ್ನುತ್ತಿದ್ದರು. ನಾನು ದುಡಿತಕ್ಕೆ ಹಿಂಜರಿದವನಲ್ಲ. ಬೆಲ್ಲದ ಪೆಂಟೆಯನ್ನು ಒಬ್ಬನೇ ಹೊತ್ತು ಇಳಿಸುತ್ತಿದ್ದೆ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ಹೇಳಬೇಕಾದ ಕಾಕಾ ಈಗಿಲ್ಲ.

ಆಗ ಪ್ಲಾಸ್ಟಿಕ್ಕಿನ ಚೀಲ ಎಲ್ಲಿಯವು? ಸೊಲ್ಲಾಪುರದಿಂದ ಹಳೆಯ ಪೇಪರಿನ ರದ್ದಿ ಹೊರೆಗಟ್ಟಲೆ ಬರುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ಇಂಗ್ಲೀಷು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ, ಮೊದಲ ಗಿರಾಕಿ ಬರುವ ಮುಂಚೆ, ರದ್ದಿ ಕತ್ತರಿಸುವುದು ನನ್ನ ಕೆಲಸ. ಸಕ್ಕರೆಗೆ ಅರ್ಧ ಹಾಳೆ, ಚಹಾಪುಡಿಗೆ ಕಾಲು ಹಾಳೆ, ಜೀರಿಗೆ ಲವಂಗಕ್ಕೆ ಅಂಗೈಯಗಲದ ತುಂಡು. ದೇಶದ ದೊಡ್ಡ ದೊಡ್ಡ ಮಂತ್ರಿಗಳ ಭಾಷಣವನ್ನೆಲ್ಲ ನಾನು ದಿನಾ ಬೆಳಿಗ್ಗೆ ನಾಲ್ಕು ತುಂಡು ಮಾಡುತ್ತಿದ್ದೆ. ಯಾವ ಮಂತ್ರಿಯೂ ತಕರಾರು ಮಾಡಲಿಲ್ಲ.

ಇನ್ನು ಮಾವ. ಬಸವನ ಬಾಗೇವಾಡಿಯಲ್ಲಿ ನಮ್ಮ ಸೋದರಮಾವ ಕಚೇರಿಯಲ್ಲಿ ಕಾರಕೂನರಾಗಿದ್ದರು. ಅವರ ಮಗಳು ಕಮಲಾ. ನಮ್ಮ ಕಡೆ ಸೋದರಮಾವನ ಮಗಳೆಂದರೆ ಹುಟ್ಟಿದಾಗಲೇ ಅರ್ಧ ಮದುವೆ ಆದ ಹಾಗೆ. ನಾನೂ ಹಾಗೆಂದೇ ತಿಳಿದು ಹಾಯಾಗಿದ್ದೆ. ಆದರೆ ಮಾವನಿಗೆ ಇಂಗ್ಲೀಷಿನ ಹುಚ್ಚು. ಸಾಹೇಬರ ಕಾಲದಲ್ಲಿ ತಾವು ಬರೆದ ಡ್ರಾಫ್ಟಿನಲ್ಲಿ ಒಂದು ಕಾಮಾ ಕೂಡ ಬದಲಾಗುತ್ತಿರಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಅವ್ವ ಹೋಗಿ ಮದುವೆಯ ಮಾತು ತೆಗೆದಾಗ, ಹುಡುಗ ಮ್ಯಾಟ್ರಿಕ್ ಆಗಿ ಬರಲಿ ಎಂದರು. ನಾನೂ ಹಟಕ್ಕೆ ಬಿದ್ದು ಹೊರಗಿನಿಂದ ಮ್ಯಾಟ್ರಿಕ್ಕಿಗೆ ಕೂತೆ. ಗಣಿತ ಪಾಸು. ತಕ್ಕಡಿ ಹಿಡಿದವನಿಗೆ ಗಣಿತ ಏನು ಮಹಾ. ಕನ್ನಡ ಪಾಸು, ಇತಿಹಾಸ ಪಾಸು. ಇಂಗ್ಲೀಷು ಢುಂ.

ಢುಂ ಆಗದೆ ಏನಾದೀತು? ನಮ್ಮ ಕಾಲಕ್ಕೆ ಇಂಗ್ಲೀಷು ಶುರುವಾಗುತ್ತಿದ್ದದ್ದೇ ಎಂಟನೆಯದರಲ್ಲಿ. ಅಕ್ಷರಗಳನ್ನು ನಾನು ಚಹಾದ ಡಬ್ಬಿ, ಸಾಬೂನಿನ ಪೆಟ್ಟಿಗೆಗಳ ಮೇಲೆ ಕಲಿತವನು. ಶಬ್ದಗಳ ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಪರೀಕ್ಷೆಯ ಕೋಣೆಯಲ್ಲಿ ಆ ಶಬ್ದಗಳೆಲ್ಲ ಸಂತೆಯಲ್ಲಿ ಬಿಟ್ಟ ಕೋಳಿಗಳಂತೆ ದಿಕ್ಕಿಗೊಂದು ಓಡಿದವು.

ಮಾವನ ಮನೆಗೆ ಹೋಗಿ ನಿಂತೆ. ಅವರು ಪಡಸಾಲೆಯಲ್ಲಿ ಮಣೆಯ ಮೇಲೆ ಕೂತು ಊಟ ಮಾಡುತ್ತಿದ್ದರು. ಮಾವನ ಊಟ ಯಾವಾಗಲೂ ಒಂಟಿ ಊಟ. ಮನೆಯಲ್ಲಿ ಎಷ್ಟೇ ಜನ ಇರಲಿ, ಅವರದೊಂದೇ ಮಣೆ. ಅವರು ಉಂಡು ಎದ್ದ ಮೇಲೆ ಉಳಿದವರು. ಅದು ಅವರ ಠೀವಿ. ನಾನು ಎಷ್ಟು ಸಲ ಹೋದರೂ ಅವರ ಊಟ ಮುಗಿಯುವ ತನಕ ಕಂಬಕ್ಕೆ ಒರಗಿ ನಿಂತಿರುತ್ತಿದ್ದೆ.

"ಶಬ್ದ ಬಾಯಿಪಾಠ ಮಾಡಿದ್ರ ಇಂಗ್ಲೀಷ್ ಬರ್ತೈತೇನೋ?" ಎಂದರು ಮಾವ. "ಪೇಪರ ಓದಬೇಕು. ಲೇಖನ ಓದಬೇಕು. ಶಬ್ದ ಹೆಂಗ ಕುಂದರ್ತೈತಿ, ಹೆಂಗ ಏಳ್ತೈತಿ ನೋಡಬೇಕು. ಇನ್ನೊಂದು ಸಲ ಕುಂದ್ರು. ಪಾಸಾದರ ಅಕ್ಕಿಕಾಳು ಹಾಕೋಣ. ಇಲ್ಲಂದ್ರ ಸಿಂದಗಿಯವರು ಕೇಳಾಕತ್ತಾರ."

ಸಿಂದಗಿಯ ವರ ಮ್ಯಾಟ್ರಿಕ್ ಆಗಿದ್ದ. ಅದರ ಮೇಲೆ ಅವನಿಗೆ ಕೈಗಡಿಯಾರ ಬೇರೆ ಇತ್ತು. ಬಸ್ಸಿನಲ್ಲಿ ತಿರುಗಿ ಬರುವಾಗ ದಾರಿಯುದ್ದಕ್ಕೂ ಆ ಗಡಿಯಾರದ ಟಿಕ್ ಟಿಕ್ ನನ್ನ ಕಿವಿಯಲ್ಲಿ ಕೇಳುತ್ತಿತ್ತು.

ಪೇಪರು ಓದಬೇಕಂತೆ! ನಾನು ಕೂತದ್ದೇ ಪೇಪರಿನ ರಾಶಿಯ ಮೇಲೆ. ಮರುದಿನದಿಂದ ಶುರು. ತಾಳಿಕೋಟೆಯ ಸಂತೆಯಲ್ಲಿ ಒಂದು ಹಳೆಯ ಡಿಕ್ಷನರಿ ಸಿಕ್ಕಿತು. ರಟ್ಟು ಕಿತ್ತಿತ್ತು, ಜೊತೆಗೆ ಎ, ಬಿ, ಸಿ ಮೂರೂ ಅಕ್ಷರದ ಪುಟಗಳು ಹೋಗಿ ಡಿಯಿಂದ ಪ್ರಾರಂಭವಾಗುತ್ತಿತ್ತು. ಆದ್ದರಿಂದ ನನ್ನ ಇಂಗ್ಲೀಷೂ ಡಿಯಿಂದಲೇ ಪ್ರಾರಂಭ. ಇಂದಿಗೂ ಎ, ಬಿ, ಸಿಯಿಂದ ಹುಟ್ಟುವ ದೊಡ್ಡ ಶಬ್ದ ಎದುರಾದರೆ ನಾನು ಪರಿಚಯವಿಲ್ಲದ ಹಿರಿಯರನ್ನು ಕಂಡಂತೆ ಒಂದು ನಮಸ್ಕಾರ ಹಾಕಿ ಮುಂದೆ ಹೋಗುತ್ತೇನೆ.

ಒಂದೊಂದು ಶಬ್ದಕ್ಕೂ ಒಂದೊಂದು ವಾಸನೆ. ಇಂಗು ಕಟ್ಟುವಾಗ 'ರೆಸಲ್ಯೂಶನ್' ಕಲಿತೆ, ಈಗಲೂ ಯಾರಾದರೂ ಸಭೆಯಲ್ಲಿ ರೆಸಲ್ಯೂಶನ್ ಎಂದರೆ ನನ್ನ ಮೂಗಿಗೆ ಇಂಗು ಬಡಿಯುತ್ತದೆ. 'ಗ್ರ್ಯಾಟಿಟ್ಯೂಡ್' ಬೆಲ್ಲ. 'ಹೋಸ್ಟೈಲ್' ಬ್ಯಾಡಗಿ ಮೆಣಸಿನಕಾಯಿ, ಅದನ್ನು ಓದುವಾಗ ಎರಡು ಸಲ ಸೀನಿದ್ದೆ. ಲೇಖನದ ಗಾಳಿ ತಲೆಗೇರಿ ಮಾತು ಕೂಡ ಹಾಗೇ ಆಯಿತು. ನಿಂಗವ್ವ ಎಂಬ ಮುದುಕಿ ಬಂದು ಒಳ್ಳೆಯ ಬೆಲ್ಲ ಯಾವಾಗ ಬರುತ್ತದೆ ಎಂದು ಕೇಳಿದರೆ, ಆ ವಿಷಯವು ಗಂಭೀರ ಪರಿಶೀಲನೆಯಲ್ಲಿದೆ ಎಂದೆ. ಆಕೆ ನನ್ನನ್ನು ನೋಡಿ, ಕಾಕಾನನ್ನು ನೋಡಿ, ಹುಡುಗನಿಗೆ ಬಿಸಿಲು ಬಡಿದಿದೆ, ತಲೆಗೆ ಎಣ್ಣೆ ಹಚ್ಚಿರಿ ಎಂದು ಹೇಳಿ ಹೋದಳು.

ಹೀಗೆ ಓದುತ್ತಿರುವಾಗ ಒಂದು ಮಧ್ಯಾಹ್ನ ಜೀರಿಗೆ ಕಟ್ಟಲು ತುಂಡು ಎತ್ತಿಕೊಂಡೆ. ಅದರಲ್ಲಿತ್ತು ಆನೆ.

ಪರದೇಶದಿಂದ ಹಡಗಿನಲ್ಲಿ ಒಂದು ಆನೆ ಬಂದಿದೆ. ಸರ್ಕಸ್ಸಿನವರು ತರಿಸಿದ್ದು. ಬಂದರದಲ್ಲಿ ಹಡಗು ನಿಂತು, ಹಲಗೆ ಇಳಿಸಿದರೂ ಆನೆ ಇಳಿಯಲೊಲ್ಲದು. ಎಳೆದರು, ಹಿಂದಿನಿಂದ ದೂಡಿದರು, ಬಾಳೆಯ ಗೊನೆ ತೋರಿಸಿದರು. ಆನೆ 'ಆಬ್ಸ್ಟಿನೇಟ್'. ಹಡಗಿನ ಯಜಮಾನ ಕೂಗಾಡುತ್ತಾನೆ, ಹಿಂದೆ ಬೇರೆ ಹಡಗುಗಳು ಕಾದಿವೆ, ಅಧಿಕಾರಿಗಳು ಬೆವರುತ್ತಾರೆ. ಆಗ ಒಬ್ಬ ಮುದುಕ ಮಾವುತ ಬರುತ್ತಾನೆ. ಆನೆಯನ್ನು ಒಮ್ಮೆ ನೋಡುತ್ತಾನೆ. ಮಾತಿಲ್ಲ ಕತೆಯಿಲ್ಲ, ಹಲಗೆಯ ಕೆಳಗೆ ಕೂಡುತ್ತಾನೆ. ಹೆಗಲಿನ ಚೀಲಕ್ಕೆ ಕೈ ಹಾಕಿ ಹೊರಗೆ ತೆಗೆಯುತ್ತಾನೆ...

ಏನನ್ನು ತೆಗೆಯುತ್ತಾನೆ? ಅಲ್ಲಿಗೆ ಕಾಗದ ಮುಗಿದಿತ್ತು. ಬೆಳಿಗ್ಗೆ ನನ್ನ ಕೈಯಿಂದಲೇ ಕತ್ತರಿಸಿದ್ದು. ಉಳಿದರ್ಧ ಅಷ್ಟರೊಳಗೆ ಯಾರದೋ ಮನೆಯ ಅಡಿಗೆಕೋಣೆ ಸೇರಿತ್ತು.

ಹಟಮಾರಿ ಎಂಬ ಶಬ್ದವನ್ನು ಕಲಿತ ದಿನವೇ ನಾನು ಹಟಮಾರಿಯಾದೆ. ಕಾಕಾನ ಕೈಕಾಲಿಗೆ ಬಿದ್ದು ಒಂದು ಗಂಟೆ ಬಿಡುವು ಪಡೆದು, ಆ ದಿನ ಬಂದ ಗಿರಾಕಿಗಳ ಮನೆ ಮನೆಗೆ ಹೋದೆ. ಒಬ್ಬರು ಕಾಗದ ಒಲೆಗೆ ಹಾಕಿದ್ದರು, ಒಬ್ಬರು ಮಗುವಿನ ಮೂಗು ಒರೆಸಿದ್ದರು. ನಿಂಗವ್ವನ ಮನೆಯಲ್ಲಿ ಅದು ಗೋಡೆಯ ತೂತಿಗೆ ಹೋಗಿತ್ತು, ಎಳೆದು ತೆಗೆದರೆ ಅದು ಹತ್ತಿಯ ಧಾರಣೆ.

ಆಗ ನನಗೊಂದು ಯುಕ್ತಿ ಹೊಳೆಯಿತು. ನಮ್ಮಲ್ಲಿ ಕೊಸರು ಕೇಳದೆ ಯಾರೂ ಕಟ್ಟೆ ಇಳಿಯುವುದಿಲ್ಲ. ತೂಕ ಮುಗಿದ ಮೇಲೆ ಮೇಲಿಷ್ಟು ಬಿಟ್ಟಿ ಹಾಕಲೇಬೇಕು, ಹಾಕದಿದ್ದರೆ ಅಂಗಡಿಯವನು ಜುಗ್ಗ. ನಾನು ಸಾರಿದೆ: ಮನೆಯಲ್ಲಿರುವ ಇಂಗ್ಲೀಷು ಪೊಟ್ಟಣದ ಕಾಗದ ತಿರುಗಿ ತಂದವರಿಗೆ ಒಂದು ಹಿಡಿ ಪುಠಾಣಿ, ಅಂದರೆ ಹುರಿಗಡಲೆ, ಕೊಸರು.

ಅದೇನು ಹೇಳಲಿ, ಊರಿಗೆ ಊರೇ ವಿದ್ಯಾದಾನಕ್ಕೆ ಇಳಿಯಿತು. ಹೆಂಗಸರು ಸೆರಗಿನಲ್ಲಿ, ಗಂಡಸರು ಟೊಪ್ಪಿಗೆಯಲ್ಲಿ ಕಾಗದ ತಂದರು. ಎಣ್ಣೆ ಹೀರಿದ್ದು, ಅರಿಸಿನ ಮೆತ್ತಿದ್ದು, ಇಲಿ ಕಡಿದದ್ದು. ಪಕ್ಕದ ಅಂಗಡಿಯ ಕಾಗದವೂ ಬಂತು. ಮರಾಠಿ ಬಂತು, ಉರ್ದು ಬಂತು, ಲಗ್ನಪತ್ರಿಕೆ ಬಂದವು. ಒಬ್ಬ ರೈತ ಕೋರ್ಟಿನ ಸಮನ್ಸನ್ನೇ ತಂದು, ಇದರಲ್ಲಿಯೂ ಇಂಗ್ಲೀಷಿದೆ, ಪುಠಾಣಿ ಕೊಡು ಎಂದು ಕೂತ. ಅವನಿಗೆ ಪುಠಾಣಿ ಕೊಟ್ಟು, ತಾರೀಖು ಇವತ್ತೇ ಎಂದು ಓದಿ ಹೇಳಿ, ಕೋರ್ಟಿಗೆ ಓಡಿಸಬೇಕಾಯಿತು. ಇಲ್ಲದಿದ್ದರೆ ಅಂದು ಅವನ ಕೇಸು ಕೈಬಿಟ್ಟು ಹೋಗುತ್ತಿತ್ತು.

ಕಾಕಾ ಪುಠಾಣಿಯ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದರು. ತಳ ಕಾಣುತ್ತಿತ್ತು.

"ಸಂಗಪ್ಪ, ನಿನ್ನ ಇಂಗ್ಲೀಷು ನನ್ನ ಪುಠಾಣಿ ತಿಂದು ಬೆಳಿಯಾಕತ್ತೈತಿ" ಎಂದರು. "ಬೆಳೀಲಿ. ಖರೆ, ಆ ಮುದುಕ ಚೀಲದಾಗಿಂದ ಏನ್ ತಗದ ಅಂತ ನನಗೂ ಹೇಳಬೇಕು ನೋಡಪಾ. ಎರಡು ದಿನ ಆತು, ನನಗೂ ಊಟ ಸೇರವಲ್ದು."

ಕಾಕಾನಿಗೆ ಒಬ್ಬರಿಗೇ ಅಲ್ಲ, ಬಜಾರಕ್ಕೇ ಆನೆ ಹಿಡಿದಿತ್ತು. ಬೆಲ್ಲ ಎಂದು ಕೆಲವರು. ಬಾಳೆಹಣ್ಣು ತಿನ್ನದ್ದು ಬೆಲ್ಲಕ್ಕೆ ಬಂದೀತೇ ಎಂದು ಉಳಿದವರು. ದರ್ಜಿಯವನು ಸೂಜಿ ಎಂದ. ಕೊಳಲು ಎಂದು ಭಜನೆಯವರು, ವಿಭೂತಿ ಎಂದು ಮಠದವರು, ತಾಯಿತ ಎಂದು ದರ್ಗಾದ ಕಡೆಯವರು. ನಿಂಗವ್ವ, ಆ ಮುದುಕ ಎಲೆ ಅಡಿಕೆ ಹಾಕಿಕೊಂಡಿರಬೇಕು, ವಯಸ್ಸಾದವರಿಗೆ ಬೇರೆ ಏನು ಬೇಕು ಎಂದಳು. ಉಳಿದರ್ಧ ಮಾತ್ರ ಬರಲಿಲ್ಲ. ಅದನ್ನು ಹುಡುಕುತ್ತ ಬಂದ ಕಾಗದಗಳನ್ನೆಲ್ಲ ಒಂದೂ ಬಿಡದೆ ಓದಿದೆ. ಹತ್ತಿ, ಹಡಗು, ಭೂಕಂಪ, ಕ್ರಿಕೆಟ್ಟು, ರಾಜರ ಮದುವೆ, ತಲೆನೋವಿನ ಗುಳಿಗೆ. ಎಲ್ಲವೂ ಅರ್ಧರ್ಧ. ಅರ್ಧ ಓದಿ ಉಳಿದರ್ಧ ಏನಿದ್ದೀತು ಎಂದು ಇಂಗ್ಲೀಷಿನಲ್ಲಿಯೇ ಊಹಿಸುವುದು ನನಗೊಂದು ಚಟವಾಯಿತು. ಶಬ್ದಗಳು ಈಗ ಕೋಳಿಗಳ ಹಾಗೆ ಓಡುತ್ತಿರಲಿಲ್ಲ. ಸಂಜೆಗೆ ಗೂಡಿಗೆ ತಾವೇ ಬರುತ್ತಿದ್ದವು.

ಪರೀಕ್ಷೆ ಹತ್ತಿರ ಬಂತು. ಮಾವನ ಮನೆಗೆ ಸಾಮಾನು ಕೊಡಲು ಬಾಗೇವಾಡಿಗೆ ಹೋದೆ. ಸಾಮಾನೇನೋ ಅಲ್ಲಿಯ ಅಂಗಡಿಯಲ್ಲಿಯೂ ಸಿಗುತ್ತಿತ್ತು ಅನ್ನಿ. ಮಾವ ಊಟಕ್ಕೆ ಕೂತಿದ್ದರು, ಒಂದೇ ಮಣೆ. ನಾನು ನನ್ನ ಕಂಬಕ್ಕೆ ಒರಗಿ, ಓದು ಹೇಗೆ ನಡೆದಿದೆ ಎಂದು ಅವರು ಕೇಳಿದ್ದಕ್ಕೆ, ತಡೆಯಲಾರದೆ ಆನೆಯ ಕತೆ ಶುರು ಮಾಡಿಬಿಟ್ಟೆ. ಬಂದರ, ಹಲಗೆ, ಗೊನೆ, ಮುದುಕ, ಚೀಲ. ಮಾವನ ಕೈಯೊಳಗಿನ ತುತ್ತು ಅಲ್ಲಿಯೇ ನಿಂತಿತು.

"ಅಂಕುಶ" ಎಂದರು ಮಾವ. "ಮತ್ತೇನ್ ಇರ್ತೈತಿ. ಅಂಕುಶ ತಗದಿರ್ತಾನ."

ಅಡಿಗೆಕೋಣೆಯಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಬುತ್ತಿ ತಗದಿರ್ತಾನ" ಎಂದಳು ಕಮಲಾ. ಅವಳ ಮುಖ ಕಾಣುತ್ತಿರಲಿಲ್ಲ. "ಬುತ್ತಿಗಂಟು ಬಿಚ್ಚಿ, ಬಾ ಉಣ್ಣು ಅಂದಿರ್ತಾನ. ಎಲ್ಲಾರೂ ಎಳದ್ರು, ದಬ್ಬಿದ್ರು. ಉಣ್ಣಾಕ ಬಾ ಅಂತ ಕೂಡಿ ಕುಂತು ಯಾರರ ಕರದಾರೇನು? ಕರದಿದ್ರ ಆನಿನೂ ಬರ್ತೈತಿ."

ಮತ್ತೆ ರೊಟ್ಟಿ ಬಡಿಯುವ ಸಪ್ಪಳ. ಮಾವ ತುತ್ತನ್ನು ನುಂಗಿದರು. ಹೆಣ್ಣುಮಕ್ಕಳಿಗೆ ಆನೆಯ ವಿಷಯ ಏನು ಗೊತ್ತು ಎಂದು ಗೊಣಗಿದರು. ನನಗೋ ಹೌದೆನ್ನಿಸಿತು. ನಮ್ಮ ಸೀಮೆಯಲ್ಲಿ ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚಿದವನು ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಬರ್ರಿ ಉಣ್ಣೋಣು ಎಂದು ಕರೆಯದೆ ರೊಟ್ಟಿ ಮುರಿಯುವುದಿಲ್ಲ. ಆ ಮುದುಕ ಯಾವ ದೇಶದವನೋ ಏನೋ. ಆದರೆ ಅವನು ನಮ್ಮ ಕಡೆಯವನೇ ಇರಬೇಕೆಂದು ನನಗೆ ಆ ಕ್ಷಣ ಖಾತ್ರಿಯಾಯಿತು.

ಬಿಜಾಪುರದಲ್ಲಿ ಪರೀಕ್ಷೆ. ಹೊರಡುವಾಗ ಕಾಕಾ ಜೇಬಿಗೆ ಲವಂಗ ತುರುಕಿದರು. ಇಂಗ್ಲೀಷು ಪೇಪರು ಬಿಡಿಸಿದರೆ ಅದರಲ್ಲಿ ಪ್ರಬಂಧ: ನೀವು ಕಂಡ ಅಥವಾ ಕೇಳಿದ ಒಂದು ವಿಚಿತ್ರ ಘಟನೆ. ನನ್ನ ಕೈ ನಡುಗಲಿಲ್ಲ, ಕುಣಿಯಿತು. ಮೊದಲಿಗೆ ಅಭ್ಯಾಸಬಲದಿಂದ ಸಂಪಾದಕೀಯದ ಗತ್ತಿನಲ್ಲಿ, ಈ ಆನೆಯ ಪ್ರಶ್ನೆಯು ರಾಷ್ಟ್ರದ ಗಮನ ಸೆಳೆಯತಕ್ಕದ್ದು ಎಂದು ಬರೆದು, ಹೊಡೆದು ಹಾಕಿದೆ. ಆಮೇಲೆ ಹಡಗು ಬಂತು. ಹಲಗೆ ಬಂತು. ಆಬ್ಸ್ಟಿನೇಟ್ ಬಂತು, ಜೀರಿಗೆಯ ವಾಸನೆಯ ಸಮೇತ. ಮುದುಕ ಚೀಲಕ್ಕೆ ಕೈ ಹಾಕಿದ, ಬುತ್ತಿ ತೆಗೆದ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಇವಕ್ಕೆಲ್ಲ ಇಂಗ್ಲೀಷಿನಲ್ಲಿ ಏನನ್ನುತ್ತಾರೋ ಗೊತ್ತಿರಲಿಲ್ಲ. ರೊಟ್ಟಿಯನ್ನು ರೊಟ್ಟಿ ಎಂದೇ ಬರೆದೆ. ಬೇಕಾದವರು ಕಲಿತುಕೊಳ್ಳಲಿ, ನಾನು ಅವರದು ಅಷ್ಟು ಕಲಿತಿಲ್ಲವೇ? ಮುದುಕ ಆನೆಯನ್ನು ಊಟಕ್ಕೆ ಕರೆದ. ಆನೆ ಒಂದು ಕಾಲು ಇಟ್ಟಿತು, ಇನ್ನೊಂದು ಇಟ್ಟಿತು, ಇಳಿದು ಬಂದು ಮುದುಕನ ಮಗ್ಗುಲಲ್ಲಿ ನಿಂತಿತು. ಬಂದರಕ್ಕೆ ಬಂದರವೇ ಉಸಿರು ಬಿಟ್ಟಿತು. ನಾನೂ ಬಿಟ್ಟೆ. ಹೊರಗೆ ಬಂದಾಗ ಗೋಳಗುಮ್ಮಟಕ್ಕಿಂತ ಒಂದು ಗೇಣು ಎತ್ತರವಾಗಿದ್ದೆ.

ಫಲಿತಾಂಶ ಬಂದ ದಿನ ಪೇಪರಿನಲ್ಲಿ ನನ್ನ ನಂಬರು ಇತ್ತು. ಕಾಕಾ ಅದನ್ನು ತಮ್ಮ ಕನ್ನಡಕದಿಂದ ನೋಡಿದರು, ದರ್ಜಿಯವನ ಕನ್ನಡಕದಿಂದ ಇನ್ನೊಮ್ಮೆ ನೋಡಿದರು. ಆ ಹಾಳೆಯನ್ನು ಕತ್ತರಿಸಕೂಡದು ಎಂದು ಹುಕುಂ ಮಾಡಿ, ಉಳಿದ ಪುಠಾಣಿಯನ್ನೆಲ್ಲ ಬಜಾರಕ್ಕೆ ಹಂಚಿದರು. ನಿಂಗವ್ವ ಎರಡು ಸಲ ಬಂದಳು. ನಾನು ಹಾಳೆ ಮಡಚಿಕೊಂಡು ಬಾಗೇವಾಡಿಯ ಬಸ್ಸು ಹತ್ತಿದೆ. ಆ ಬಸ್ಸು ಅಷ್ಟು ನಿಧಾನವಾಗಿ ಎಂದೂ ಹೋಗಿರಲಿಲ್ಲ.

ಮಾವ ಊಟಕ್ಕೆ ಕೂತಿದ್ದರು. ನಾನು ಕಂಬದ ಹತ್ತಿರ ಹೋಗಿ ನಿಂತೆ.

"ಏನಾತು?"

"ಪಾಸಾತ್ರಿ ಮಾವ."

ಎಡಗೈಯಿಂದ ಹಾಳೆ ಇಸಿದುಕೊಂಡು ನಂಬರು ನೋಡಿದರು. ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ಸಿಂದಗಿಯ ಗಡಿಯಾರ ನನ್ನ ಎದೆಯೊಳಗೆ ಬಡಿಯುತ್ತಿತ್ತು.

"ಪ್ರಬಂಧ ಯಾವುದು ಬರದಿ?"

"ಆನಿದ್ರಿ."

"ಕಡೀಕ ಏನ್ ತಗದ, ನಿನ್ನ ಮಾವುತ?"

ಸುಳ್ಳು ಹೇಳಬಹುದಿತ್ತು. ಅಂಕುಶ ಎಂದಿದ್ದರೆ ಮಾವ ಹಿಗ್ಗುತ್ತಿದ್ದರು, ಕೆಲಸವೂ ಆಗುತ್ತಿತ್ತು. ಆದರೆ ಅಡಿಗೆಕೋಣೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತ್ತು.

"ಬುತ್ತಿರಿ" ಎಂದೆ.

ಮಾವ ತಾಟಿನ ಕಡೆ ನೋಡಿದರು. ರೊಟ್ಟಿಯ ಚೂರನ್ನು ಅತ್ತಿತ್ತ ಸರಿಸಿದರು. ಆಮೇಲೆ ತಲೆ ಎತ್ತದೆ ಒಳಗೆ ಕೇಳುವ ಹಾಗೆ ಹೇಳಿದರು: "ಕಮಲಾ, ಇನ್ನೊಂದು ಮಣಿ ಹಾಕು."

ಆ ಮನೆಯಲ್ಲಿ ಮಾವನ ಮಗ್ಗುಲಿಗೆ ಎರಡನೆಯ ಮಣೆ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಕಮಲಾ ಮಣೆ ತಂದು ಹಾಕಿದಳು, ಅದು ನೆಲಕ್ಕೆ ತಾಗಿದ ಸಪ್ಪಳ ನನಗೆ ಇಂದಿಗೂ ಕೇಳುತ್ತದೆ. ನನ್ನ ಕಾಲು ಮಾತ್ರ ಕಂಬದ ಬುಡದಿಂದ ಕೀಳಲಿಲ್ಲ.

"ಬಾರೋ" ಎಂದರು ಮಾವ. "ಕರದರ ಆನಿನೂ ಬರ್ತೈತಿ ಅಂತ ನೀನ ಬರದು ಬಂದೀದಿ. ಈಗ ನೀನ ನಿಂತಿಯಲ್ಲ."

ಹೋಗಿ ಕೂತೆ. ಏನು ಉಂಡೆನೋ ನೆನಪಿಲ್ಲ. ಅಂದಿನಿಂದ ಮಾವ ಕಡೆಯ ತನಕ ಒಂಟಿಯಾಗಿ ಉಣ್ಣಲಿಲ್ಲ.

ಈಗ ನನ್ನ ಹತ್ತಿರ ಇರುವುದಿಷ್ಟು: ಮುದ್ದೇಬಿಹಾಳದಲ್ಲಿ ಒಂದು ಅಂಗಡಿ, ಒಬ್ಬಳು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ, ಒಬ್ಬಳು ಮೊಮ್ಮಗಳು, ಡಿಯಿಂದ ಶುರುವಾಗುವ ಒಂದು ಡಿಕ್ಷನರಿ, ಎರಡು ಮಣೆ, ಅರ್ಧ ಆನೆ.